ಅಂಚು ಕತ್ತರಿಸಿದ ಹೊಳೆಯ ಚಿತ್ರ

ನಿನ್ನೆ ಬೆಳಿಗ್ಗೆ ನಳ ಬಂದಾಗ ಡ್ರಮ್ಮು ತುಂಬಿಸಿದೆ. ಹೆಸರುಕಾಳು ನೆನೆಹಾಕಿದೆ. ರೊಟ್ಟಿ ಬಡಿದು ಭಾವನವರ ಪಾಲಿನದನ್ನು ಬುಟ್ಟಿಯಲ್ಲಿ ಮುಚ್ಚಿಟ್ಟೆ. ಸಿಲಿಂಡರಿನವನಿಗೆ ಫೋನು ಮಾಡಿದೆ. ಆಮೇಲೆ ಪಡಸಾಲೆಯ ಗೋಡೆಯಿಂದ ಚಿತ್ರ ಇಳಿಸಿ, ಗಾಜು ಒರೆಸಿ, ಹಳೇ ಸೀರೆಯಲ್ಲಿ ಸುತ್ತಿಕೊಂಡು ಗಂಗಾವತಿಯಿಂದ ಕೊಪ್ಪಳದ ಬಸ್ಸು ಹತ್ತಿದೆ.

"ಯಾವ ದೇವ್ರ ಫೋಟೋರಿ ಅಕ್ಕಾರ?" ಅಂದ ಕಂಡಕ್ಟರ್.

"ದೇವ್ರದ್ದಲ್ಲಪಾ, ಹೊಳಿದು."

"ಹೊಳಿ ಭಾಳ ದೊಡ್ಡದೈತಿ, ಲಗೇಜ್ ಹಚ್ಚಬೇಕಾಕ್ಕತಿ ನೋಡ್ರಿ," ಎಂದು ನಕ್ಕ. ಹಚ್ಚಲಿಲ್ಲ.

ಆ ಚಿತ್ರದ ಬಗ್ಗೆ ಹೇಳಬೇಕು. ಒಂದು ಕಡೆ ಭಾರಿ ಮರ, ಇನ್ನೊಂದು ಕಡೆ ಮುರಿದ ಕಲ್ಲಿನ ಕಂಬಗಳು, ನಡುವೆ ಹೊಳೆ. ನೀರು ಕುಡಿಯುವ ದನಗಳು. ದೂರದಲ್ಲಿ ಗುಡ್ಡಗಳು ಸಂಜೆಯ ಬೆಳಕಿನಲ್ಲಿ ಕರಗಿದ ಹಾಗೆ ಕಾಣುತ್ತವೆ. ಯಾವ ದೇಶವೋ ಏನೋ. ನಮ್ಮ ಮನೆಯವರು ಮಾತ್ರ ಇದನ್ನು ನೋಡಿದಾಗಲೆಲ್ಲ ಆನೆಗುಂದಿ ನೆನಪಾಗುತ್ತದೆ ಅನ್ನುತ್ತಿದ್ದರು.

"ಆನೆಗುಂದಿ ಅಂತಿ, ಬಂಡೆಗಲ್ಲು ಎಲ್ಲ್ಯದಾವಲೇ?" ಅನ್ನುತ್ತಿದ್ದರು ಭಾವನವರು, ಇವರ ಅಣ್ಣ. ಒಂದೇ ಮನೆ, ಒಂದೇ ಒಲೆ. ಅಣ್ಣ ತಮ್ಮ ದಿನಕ್ಕೊಮ್ಮೆ ಜಗಳಾಡದಿದ್ದರೆ ಇಬ್ಬರಿಗೂ ಉಂಡದ್ದು ಕರಗುತ್ತಿರಲಿಲ್ಲ.

ಇವರದು ಅಕ್ಕಿ ಮಿಲ್ಲಿನಲ್ಲಿ ಮಾಲು ನೋಡುವ ಕೆಲಸ. ಒಂದು ಹಿಡಿ ಅಕ್ಕಿ ಅಂಗೈ ಮೇಲೆ ಹರವಿ, ಬೆಳಕಿಗೆ ತಿರುವಿ, ಹಳೇದೋ ಹೊಸದೋ ಬೆರಕೆಯೋ ಹೇಳಿಬಿಡುತ್ತಿದ್ದರು. ಮದುವೆಯಾದ ಹೊಸದರಲ್ಲಿ, ನಿಜಾಮರ ಕಾಲದ ಅಧಿಕಾರಿಯೊಬ್ಬರ ಬಂಗಲೆಯ ಸಾಮಾನು ಕುಷ್ಟಗಿಯಲ್ಲಿ ಹರಾಜಿಗೆ ಬಂದಿದೆ ಎಂದು ಮಂಚ ತರಲು ಹೋದವರು ಈ ಚಿತ್ರ ಹಿಡಿದುಕೊಂಡು ಬಂದರು.

"ಮಂಚ ಎಲ್ಲೈತ್ರಿ?" ಅಂದೆ.

"ಮಂಚ ಎಲ್ಲಾರ ಮನ್ಯಾಗೂ ಐತಿ. ಇದು ಅಸಲಿ ಹಳೇ ಮಾಲು, ನೋಡಿಲ್ಲಿ," ಎಂದು ಅಕ್ಕಿ ನೋಡಿದಂತೆಯೇ ಕಿಟಕಿಯ ಬೆಳಕಿಗೆ ಓರೆ ಮಾಡಿ ತೋರಿಸಿದರು. ನನಗೆ ದನಗಳಷ್ಟೇ ಕಂಡವು. ನೆಲದ ಮೇಲೆ ಮಲಗುವುದು ಬೆನ್ನಿಗೆ ಒಳ್ಳೆಯದು ಎಂದು ನಾನು ಎಲ್ಲರಿಗೂ ಹೇಳಲು ಶುರುಮಾಡಿದ್ದು ಅಂದಿನಿಂದ.

ಚಿತ್ರದ ಕೆಳಗೆ ಬಿಳಿ ಅಂಚಿತ್ತು. ಅದರಲ್ಲಿ ಪರದೇಶದ ಅಕ್ಷರಗಳು, ಇರುವೆ ಸಾಲಿನಷ್ಟು ಸಣ್ಣವು. ಯುಗಾದಿಗೆ ಬೀಗರು ಬಂದಾಗ ಭಾವನವರು ಅಲ್ಲಿಗೇ ಬೆರಳಿಟ್ಟರು. "ಕ್ಯಾಲೆಂಡರ್ ರೀ ಇದು. ಪುಕ್ಕಟ ಕೊಟ್ಟ ಅಂಗಡಿಯವ್ರ ಹೆಸರು ಸೈತ ಐತಿ ನೋಡ್ರಿ. ನಮ್ಮ ತಮ್ಮ ರೊಕ್ಕ ಕೊಟ್ಟು ತಂದಾನ!"

ಬೀಗರು ನಕ್ಕರು. ಇವರೂ ನಕ್ಕರು. ಮುಂದಿನ ಭಾನುವಾರ ಬ್ಲೇಡು, ಸ್ಕೇಲು ತೆಗೆದುಕೊಂಡು ನೆಲದ ಮೇಲೆ ಕೂತು ನಾಲ್ಕೂ ಕಡೆಯ ಅಂಚು ನೀಟಾಗಿ ಕತ್ತರಿಸಿದರು. "ಈಗ ಯಾವ ಅಂಗಡಿ ಹೆಸರು ಓದ್ತಾನ ಓದ್ಲಿ," ಅಂದರು. ಚೂರುಗಳನ್ನು ನಾನೇ ಕಸದ ಜೊತೆ ಗುಡಿಸಿ ಹಾಕಿದೆ. ಆಮೇಲೆ ಗಾಜು, ಫ್ರೇಮು ಬಂದವು. ಊಟವಾದ ಮೇಲೆ ಅದರ ಎದುರು ಗೋಡೆಗೆ ಒರಗಿ ಕೂರುವುದು ಇವರ ರೂಢಿಯಾಯಿತು. "ಕ್ಯಾಲೆಂಡರ್ ಸಾಹೇಬ್ರ ದರ್ಶನ ಮುಗೀತೇನು?" ಎಂದು ಕೇಳುವುದು ಭಾವನವರ ರೂಢಿಯಾಯಿತು.

ಹೋದ ಮಾಗಿಯಲ್ಲಿ, ಹಾಗೆ ಕೂತಲ್ಲೇ ಇವರ ತಲೆ ಪಕ್ಕಕ್ಕೆ ವಾಲಿತು. ನಿದ್ದೆ ಅಂದುಕೊಂಡು ಮೈಮೇಲೆ ಚಾದರ ಹೊದಿಸಿದ್ದೆ.

ಅವತ್ತಿನಿಂದ ಭಾವನವರು ಕ್ಯಾಲೆಂಡರ್ ಎಂಬ ಮಾತು ಎತ್ತಿಲ್ಲ. ಮೊನ್ನೆ ತಾವಾಗಿ, "ತಿಳಿದವ್ರಿಗೆ ತೋರಿಸ್ಕೊಂಡು ಬಾರವಾ" ಅಂದರು. ಮಾರುವ ಯೋಚನೆ ಇಬ್ಬರಿಗೂ ಇರಲಿಲ್ಲ. ಅಸಲಿ ಎಂಬ ಒಂದು ಮಾತು ತಿಳಿದವರ ಬಾಯಿಂದ ಬರಲಿ ಎಂದಷ್ಟೇ ನನ್ನ ಆಸೆ. ಇವರು ಅಷ್ಟು ವರ್ಷ ಒಬ್ಬರೇ ಹೇಳಿದ್ದ ಮಾತದು.

ಕೊಪ್ಪಳದಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದ ಮೇಡಮ್ಮು ಫ್ರೇಮು ಬಿಚ್ಚಿ, ಭೂತಕನ್ನಡಿ ಇಟ್ಟು ಬಹಳ ಹೊತ್ತು ನೋಡಿದರು. ನನ್ನನ್ನೂ ಬಗ್ಗಿಸಿ ತೋರಿಸಿದರು. "ಈಗಿನ ಛಾಪಾ ಆಗಿದ್ರ ಚುಕ್ಕಿ ಚುಕ್ಕಿ ಕಾಣ್ತಿದ್ವು. ಇಲ್ಲಿ ಬರೇ ಗೆರಿ. ಯುರೋಪಿನ ಹಳೇ ಚಿತ್ರ ನೋಡ್ಕೊಂಡು ತಗಡಿನ ಮ್ಯಾಲ ಒಂದೊಂದ ಗೆರಿ ಕೆತ್ತಿ ಒತ್ತಿದ್ದು. ಬಣ್ಣ ಆಮ್ಯಾಲ ಕೈಲೆ ಹಚ್ಯಾರ. ಕಾಗದನೂ ಆ ಕಾಲದ್ದ. ಅಸಲಿ ಐತ್ರಿ."

ನನಗೆ ಕಣ್ಣು ತುಂಬಿತು. ಅಷ್ಟರಲ್ಲಿ ಅವರು ಅಂಚಿನ ಮೇಲೆ ಬೆರಳಾಡಿಸಿದರು.

"ಇದನ್ನ್ಯಾರ್ರಿ ಕತ್ತರಿಸಿದ್ರು?"

"ನಮ್ಮನಿಯವ್ರ ರೀ."

"ಅಯ್ಯ! ಬರೆದವ್ರ ಹೆಸರು, ಕೆತ್ತಿದವ್ರ ಹೆಸರು, ಅಚ್ಚಾದ ಊರು ಎಲ್ಲಾ ಕೆಳಗಿನ ಅಂಚಿನಾಗ ಇರ್ತದ್ರಿ. ಅದನ್ನ ನೋಡೇ ಬೆಲಿ ಕಟ್ಟೋದು. ಈಗ ಮಾರಾಕ ಹೋದ್ರ ಫ್ರೇಮಿನ ರೊಕ್ಕ ಬಂದ್ರ ಹೆಚ್ಚು."

ಮರಳಿ ಬರುವಾಗ ಬಸ್ಸಿನಲ್ಲಿ ಚಿತ್ರವನ್ನು ತೊಡೆಯ ಮೇಲೆ ಹಿಡಿದು ಕೂತಿದ್ದೆ. ಇವರ ಮಾತು ನಿಜವೆಂದು ಸಾರುವ ಸಾಕ್ಷಿಯನ್ನು ಇವರೇ ಕತ್ತರಿಸಿದ್ದರು, ಅಣ್ಣನ ಒಂದು ನಗೆಮಾತಿಗೆ. ಇದನ್ನು ಆ ಅಣ್ಣನಿಗೆ ಹೇಗೆ ಹೇಳುವುದು?

ಭಾವನವರು ಕಟ್ಟೆಯ ಮೇಲೆ ಕಾಯುತ್ತಿದ್ದರು. ಕಾಲಿಗೆ ಚಪ್ಪಲಿ ಸಹ ಇರಲಿಲ್ಲ. "ಏನಂದ್ರವಾ?"

"ಅಸಲಿ ಐತಂತ್ರಿ."

"ನನ್ನ ತಮ್ಮ ಖರೇನ ಹೇಳಿದ್ದ," ಅಂದರು. "ಮತ್ತ ಬೆಲಿ?"

"ಹೆಸರಿಲ್ಲಂತ ಬೆಲಿ ಹೇಳಾಕ ಬರಂಗಿಲ್ಲಂತ್ರಿ."

ಅವರು ಚಿತ್ರವನ್ನು ಕೈಗೆ ತೆಗೆದುಕೊಂಡರು. ಹೆಬ್ಬೆರಳು ಕೆಳಗಿನ ಫ್ರೇಮಿನ ಉದ್ದಕ್ಕೂ ಸರಿಯಿತು. "ಇತ್ತಲ್ಲವಾ ಹೆಸರು, ಇಲ್ಲೇ... ನಾ ಅಂದೆ ಅಂತ ಕತ್ತರಿಸಿದನೇನು ಅಂವ?"

ನಾನು ಸೆರಗು ಸರಿಮಾಡಿಕೊಂಡೆ. "ಇಲ್ರಿ ಭಾವಾರ. ಫ್ರೇಮ್ ಸಣ್ಣದಾತು ಅಂತ ಕತ್ತರಿಸಿದ್ರು."

"ಹೌದೇನು?"

"ಹೌದ್ರಿ."

ಅವರು ನನ್ನ ಮುಖ ನೋಡಲಿಲ್ಲ. ತಾವೇ ಚಿತ್ರವನ್ನು ಮೊದಲಿನ ಮೊಳೆಗೆ ತೂಗುಹಾಕಿ, ಅದರ ಎದುರು ಗೋಡೆಗೆ ಒರಗಿ ಕೂತರು.

ಊಟಕ್ಕೆ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ಅವರು ಅರ್ಧ ರೊಟ್ಟಿ ತಿಂದು ಉಳಿದದ್ದು ಬಿಟ್ಟರು. ಮೊದಲು ಮಲಗಿದವಳು ನಾನು. ಪಡಸಾಲೆಯ ದೀಪ ಆಗಿನ್ನೂ ಉರಿಯುತ್ತಿತ್ತು.