ನಾನು ಅಳಿಸಿದ ಒಂಬತ್ತು ಚುಕ್ಕೆಗಳು

ಬಿಳಿಗೆರೆಯ ನಮ್ಮ ಮನೆಗೆ ಕಾನ್ವೆಂಟಿನಲ್ಲಿ ಓದಿ ಬಂದ ಸೊಸೆ ನಾನೊಬ್ಬಳೇ. ಫಾರಂ ತುಂಬುವುದು, ಔಷಧಿ ಬಾಟಲಿಯ ಮೇಲಿನದನ್ನು ಓದಿ ಹೇಳುವುದು ಎಲ್ಲ ನನ್ನ ಪಾಲಿನ ಕೆಲಸ. ಹಾಗಾಗಿ ತೊಂಬತ್ತರ ದಶಕದಲ್ಲಿ ಒಂದು ಬೇಸಿಗೆ, ನನ್ನ ಮೈದುನನ ಮಗಳು ಮದ್ರಾಸ್ ಐ ಅಂಟಿಸಿಕೊಂಡು ಬೆಂಗಳೂರಿನ ಹಾಸ್ಟೆಲ್ಲಿನಿಂದ ಮನೆಗೆ ಬಂದಾಗ, ಅವಳ ಕಣ್ಣಿನ ಕೆಲಸವೂ ನನಗೇ ಬಂತು.

ಅವಳು ಪಿಎಚ್.ಡಿ. ಮಾಡುತ್ತಿದ್ದದ್ದು ಖಗೋಳ ವಿಜ್ಞಾನದಲ್ಲಿ. ದೂರದ ಒಂದು ಗ್ಯಾಲಕ್ಸಿಯ ನಟ್ಟನಡುವೆ ದೈತ್ಯ ಕಪ್ಪು ಕುಳಿಯೊಂದು ಕೂತಿದೆ, ತಾನು ಅದನ್ನು ಓದುತ್ತಿದ್ದೇನೆ ಎಂದಳು.

"ಅದು ಬೆಳಕನ್ನೂ ನುಂಗುತ್ತೆ ಅಂತೀಯ. ಇನ್ನು ನೀನು ನೋಡೋದು ಏನನ್ನ?" ಎಂದೆ.

"ಕುಳಿನ ನೋಡಲ್ಲ ದೊಡ್ಡಮ್ಮ. ಅದರ ಸುತ್ತ ಅನಿಲ ತಟ್ಟೆ ಥರ ಸುತ್ತುತಿರುತ್ತೆ. ಒಳಕ್ಕೆ ಬೀಳೋ ಮುಂಚೆ ತಿಕ್ಕಾಡಿ, ಕಾದು, ಉರಿಯುತ್ತೆ. ಆ ತಟ್ಟೆ ಬೆಳಕು ನಮಗೆ ಸಿಗೋದು."

"ಬಚ್ಚಲ ತೂಬಿಗೆ ನೀರು ಸುತ್ತಿ ಇಳಿದಂಗೆ."

"ಹೂಂ, ಹಂಗೇ ಅನ್ಕೊಳಿ. ನಿಮ್ಮ ಬಚ್ಚಲು ಉರಿಯಲ್ಲ, ಅಷ್ಟೇ."

ತಟ್ಟೆಯಿಂದ ಇನ್ನೂ ಆಚೆಗೆ ಅನಿಲದ ಮೋಡಗಳಿವೆಯಂತೆ. ತಟ್ಟೆಯ ಬೆಳಕು ತಗ್ಗಿದರೆ ಆ ಮೋಡಗಳ ಹೊಳಪೂ ತಗ್ಗುತ್ತದೆ, ಆದರೆ ಕೆಲವು ದಿನ ತಡವಾಗಿ, ಬೆಳಕು ಅಷ್ಟು ದೂರ ನಡೆಯಬೇಕಲ್ಲ. ಆ ತಡ ಎಷ್ಟು ದಿನದ್ದು ಎಂದು ಸಿಕ್ಕಿದರೆ ಕುಳಿಯ ತೂಕವನ್ನು ಲೆಕ್ಕ ಹಾಕಬಹುದು. ಎರಡು ತಿಂಗಳು ಬೆಟ್ಟದ ಮೇಲಿನ ಟೆಲಿಸ್ಕೋಪಿನಲ್ಲಿ ಅಳೆದ ಅಂಕಿಗಳ ಪ್ರಿಂಟ್‌ಔಟ್ ಕೈಗೆ ಬಂದ ಮಾರನೆಯ ದಿನವೇ ಅವಳ ಕಣ್ಣು ಕೆಂಪಾಗಿದ್ದು. ಗುರುವಾರ ಅವಳ ಗೈಡ್ ಒಂದು ಮೀಟಿಂಗಿಗೆ ಕೂರುವವರಿದ್ದರು. ಬೆಳಕಿನಲ್ಲಿ ಏರಿಳಿತ ಕಂಡಿದ್ದರೆ ದೊಡ್ಡ ಟೆಲಿಸ್ಕೋಪಿನಲ್ಲಿ ನೋಡುವ ರಾತ್ರಿಗಳು ಅವಳಿಗೆ. ಇಲ್ಲದಿದ್ದರೆ ಬೇರೆ ವಿದ್ಯಾರ್ಥಿಗೆ.

"ನಾನು ಗ್ರಾಫ್ ಹಾಕಿಕೊಡ್ತೀನಿ, ನೀನು ಕಣ್ಣು ಮುಚ್ಕೊಂಡು ಮಲಗು," ಎಂದೆ.

ಕಿಟಕಿಯ ಬಳಿ ಮೇಜು ಹಾಕಿಕೊಂಡು ಕೂತೆ. ಮೇಲಿನ ಗ್ರಾಫ್ ತಟ್ಟೆಯದು, ಕೆಳಗಿನದು ಮೋಡಗಳದು. ಮೊದಲು ಪೆನ್ಸಿಲಿನಲ್ಲಿ ಚುಕ್ಕೆ, ಆಮೇಲೆ ಇಂಡಿಯನ್ ಇಂಕು. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದೇ ಹಾಗೆ. ಶೀಟಿನ ಮೇಲೆ ಕೊಳೆ ಕಂಡರೆ ಮಾರ್ಕ್ಸ್ ಕಟ್.

ಕಿಟಕಿಯಾಚೆ ಅಂಗಳದಲ್ಲಿ ನಮ್ಮ ಕಾಯಿ ಸುಲಿಯುವ ಮುದುಕಪ್ಪ ಕೂತಿದ್ದ. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಒಳಗೆ ಕೊಬ್ಬರಿ ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು ಗಡಗಡ ಎಂದರೆ ಬಲಕ್ಕೆ, ಇಲ್ಲದಿದ್ದರೆ ಎಡಗಡೆಯ ಕುಕ್ಕೆಗೆ. ಮೂವತ್ತು ವರ್ಷದಿಂದ ಅದೇ ಕಿಟಕಿಯಲ್ಲಿ ನೋಡುತ್ತಾ ಬಂದಿದ್ದೆ. ಕೆಟ್ಟದ್ದನ್ನು ಬೇರೆ ಮಾಡುವುದೇ ಕೆಲಸ ಎಂದು ನನಗೆ ಅಷ್ಟರಮಟ್ಟಿಗೆ ಗೊತ್ತಿತ್ತು.

ನನ್ನ ಶೀಟಿನಲ್ಲೂ ಕೆಲವು ಚುಕ್ಕೆಗಳು ಸಾಲು ಬಿಟ್ಟು ಕೆಳಗೆ ಬಿದ್ದಿದ್ದವು. ಮೇಲಿನ ಗ್ರಾಫಿನಲ್ಲಿ ಐದು, ಕೆಳಗಿನದರಲ್ಲಿ ನಾಲ್ಕು. ಆ ರಾತ್ರಿಗಳಲ್ಲಿ ಬೆಟ್ಟದ ಮೇಲೆ ಮೋಡ ಅಡ್ಡ ಬಂದಿರಬೇಕು, ಇಲ್ಲವೇ ಟೈಪಿಂಗ್ ಮಿಸ್ಟೇಕ್ ಅಂದುಕೊಂಡೆ. ಪ್ರಿಂಟ್‌ಔಟಿನಲ್ಲಿ ಅವುಗಳ ಎದುರು ಸಣ್ಣಗೆ ಇಂಟು ಹಾಕಿ, ಶೀಟಿನಿಂದ ರಬ್ಬರಿನಲ್ಲಿ ಉಜ್ಜಿ, ಉಳಿದವಕ್ಕೆ ಇಂಕು ಹಾಕಿದೆ. ದಾರ ಎಳೆದ ಹಾಗೆ ನೇರವಾದ ಸಾಲು ಬಂತು. ನನಗೆ ಹೆಮ್ಮೆಯಾಯಿತು.

ಅವಳು ನೀರು ಸುರಿಯುವ ಕಣ್ಣನ್ನು ಒಂದಿಷ್ಟು ತೆರೆದು ನೋಡಿದಳು. "ಅಷ್ಟೇನಾ?" ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿ ಗೈಡ್‌ಗೆ ಪತ್ರ ಹೇಳಿ ಬರೆಸಿದಳು. ಏರಿಳಿತವೇನೂ ಕಾಣಲಿಲ್ಲ, ಈ ಗ್ಯಾಲಕ್ಸಿಯನ್ನು ಬಿಡುತ್ತೇನೆ ಎಂದು. ನನ್ನ ಚಂದದ ಕರ್ಸಿವ್‌ನಲ್ಲಿ ಬರೆದು, ಸೋಮವಾರ ನಾನೇ ತಿಪಟೂರು ರೈಲ್ವೆ ಸ್ಟೇಷನ್ನಿನ ಡಬ್ಬಿಗೆ ಹಾಕಿ ಬಂದೆ.

ಗುರುವಾರ ಬೆಳಿಗ್ಗೆ ಅವಳ ಕಣ್ಣು ಸುಮಾರಾಗಿತ್ತು. ಜಗಲಿಯ ಮೇಲೆ ಇಬ್ಬರೂ ಕಾಫಿ ಕುಡಿಯುತ್ತಿದ್ದೆವು. ಮುದುಕಪ್ಪನ ಎಡಗಡೆಯ ಕುಕ್ಕೆ ತೋರಿಸಿ ನಾನೇ ಮಾತು ತೆಗೆದೆ. "ನಿನ್ನ ಲೆಕ್ಕದಲ್ಲೂ ಹಂಗೇ ಒಂಬತ್ತು ಕೆಟ್ಟವಿದ್ವು ಕಣೇ. ಆರಿಸಿ ತೆಗೆದುಬಿಟ್ಟೆ."

ಅವಳು ಲೋಟ ಕೆಳಗಿಟ್ಟಳು. "ಯಾವ ಒಂಬತ್ತು, ದೊಡ್ಡಮ್ಮ?"

ದನಿ ಮೆತ್ತಗೇ ಇತ್ತು. ಎದ್ದು ಹೋಗಿ ಪ್ರಿಂಟ್‌ಔಟು, ಗ್ರಾಫು ತಂದು ನೆಲದ ಮೇಲೆ ಹರಡಿದಳು. ನಾನು ಇಂಟು ಹಾಕಿದ್ದ ಒಂದೊಂದನ್ನೂ ಪೆನ್ಸಿಲಿನಲ್ಲಿ ಮತ್ತೆ ಇಟ್ಟಳು. ಮೇಲೆ ಒಂದು ಹಳ್ಳ ಮೂಡಿತು. ಹನ್ನೊಂದು ದಿನ ಬಿಟ್ಟು ಕೆಳಗೆ ಅದೇ ಆಕಾರದ ಇನ್ನೊಂದು ಹಳ್ಳ.

ನನಗೂ ಅರ್ಥವಾಯಿತು. ತಟ್ಟೆ ಮಂಕಾಗಿತ್ತು. ಆ ಸುದ್ದಿ ಹನ್ನೊಂದು ದಿನ ನಡೆದು ಮೋಡಗಳನ್ನು ಮುಟ್ಟಿತ್ತು. ಆ ಬೆಳಕು ಅಲ್ಲಿಂದ ನಮ್ಮ ಕಡೆ ಹೊರಟಾಗ ಭೂಮಿಯ ಮೇಲೆ ಮನುಷ್ಯರೇ ಇರಲಿಲ್ಲವಂತೆ. ಅಷ್ಟು ಕಾಲ ನಡೆದು ಬಂದದ್ದನ್ನು ಬಿಳಿಗೆರೆಯಲ್ಲಿ ನಾನು ರಬ್ಬರಿನಲ್ಲಿ ಉಜ್ಜಿ ಹಾಕಿದ್ದೆ.

"ಆ ಮುದುಕಪ್ಪ ದಿನಾ ಮಾಡ್ತಾನಲ್ಲೇ," ಎಂದೆ.

ಅವನಿಗೆ ಕೇಳಿಸಿತು. "ನಾನೇನ್ ಮಾಡ್ದೆ ಅಮ್ಮಾರೆ?" ಎಂದು ಹತ್ತಿರ ಬಂದ. ಹೇಳಿದೆ.

"ಕುಕ್ಕೇಲಿರಾವ್ನ ಸಾಯಂಕಾಲ ಒಂದೊಂದೂ ಒಡುದು ನೋಡ್ತೀನಿ ಕಣ್ರವ್ವಾ. ಸದ್ದಿಲ್ದಿದ್ರೆ ಕೆಟ್ಟೋಗದೆ ಅಂತ ಯಾರಂದ್ರು? ನೀವು ಆ ವೊತ್ತಿಗೆ ದೀಪ ಹಚ್ಚಕ್ಕೆ ಒಳಿಕ್ಕೋಯ್ತೀರಿ, ಕಂಡಿಲ್ಲ, ಅಷ್ಟೆಯ."

ಮೂವತ್ತು ವರ್ಷ ನಾನು ನೋಡಿದ್ದು ಅರ್ಧ ಕೆಲಸ.

ಬಸ್ಸು ಹಿಡಿದು ತಿಪಟೂರಿಗೆ ಓಡಿದೆವು. ಬಸ್ ಸ್ಟ್ಯಾಂಡಿನ ಎಸ್.ಟಿ.ಡಿ. ಬೂತಿನಲ್ಲಿ ಲೈನ್ ಸಿಗುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅವಳು ಎರಡು ಮಾತಾಡಿ ಫೋನು ನನ್ನ ಕೈಗೆ ಕೊಟ್ಟಳು. "ನೀವೇ ಹೇಳಿ ದೊಡ್ಡಮ್ಮ. ನಾನು ಹೇಳಿದ್ರೆ ಈಗ ಸೇರಿಸಿದೆ ಅನ್ಕೋತಾರೆ."

"ಸರ್, ಐ ರಿಮೂವ್ಡ್ ದೆಮ್," ಎಂದೆ.

"ವೈ, ಮೇಡಂ?"

"ದೇ ವರ್ ಅನ್‌ಟೈಡಿ, ಸರ್."

ಆ ಕಡೆ ಕಾಗದ ಸರಿಸಿದ ಸದ್ದಾಯಿತು. ಆಮೇಲೆ ಅಂಕಿಗಳನ್ನು ಓದಿ ಎಂದರು. ಓದಿದೆ. ಇನ್ನೊಮ್ಮೆ ಎಂದರು. ಇನ್ನೊಮ್ಮೆ ಓದಿದೆ. ಕೊನೆಗೆ ಕನ್ನಡದಲ್ಲಿ, "ಮೀಟಿಂಗ್ ಬೆಳಿಗ್ಗೆನೇ ಮುಗೀತಮ್ಮ. ರಾತ್ರಿಗಳನ್ನ ಇನ್ನೊಬ್ಬರಿಗೆ ಕೊಟ್ಟಾಯ್ತು," ಎಂದರು.

ಅವಳು ಹೊರಗೆ ಹೋಗಿ ನಿಂತು ಬೂತಿನ ಗಾಜಿನಾಚೆಯಿಂದ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಇಲ್ಲವೆಂದು ತಲೆಯಾಡಿಸಿದೆ.

ಅವಳಿಗೆ ರಾತ್ರಿಗಳು ಸಿಕ್ಕಿದ್ದು ಮುಂದಿನ ವರ್ಷ. ಆ ವರ್ಷ ಪೂರ್ತಿ ತಟ್ಟೆಯ ಬೆಳಕು ಕದಲಲೇ ಇಲ್ಲ, ನನ್ನ ಇಂಕಿನ ಸಾಲಿನಂತೆ ನೇರವಾಗಿತ್ತು. ಕೊನೆಗೆ ಅವಳ ಥೀಸಿಸ್ ನಿಂತಿದ್ದು ಆ ಒಂಬತ್ತು ಚುಕ್ಕೆಗಳ ಮೇಲೆಯೇ. ಪುಸ್ತಕದಲ್ಲಿ ಅವನ್ನು ಹಾಕಿರುವುದು ಕಂಪ್ಯೂಟರ್. ನಾನು ಹಾಕಿದ ಶೀಟನ್ನು ಅವಳು ಬಿಸಾಡದೆ ಇಟ್ಟುಕೊಂಡಿದ್ದಾಳೆ. ಒಮ್ಮೆ ಅವಳು ಅದನ್ನು ತೆಗೆದು ತೋರಿಸಿದಾಗ, ಆ ಒಂಬತ್ತರ ಪೆನ್ಸಿಲು ಮಾಸುತ್ತಿದೆ, ಇಂಕು ಹಾಕಿಕೊಡಲೇ ಎಂದು ಕೇಳಿದೆ.

"ಬೇಡ ದೊಡ್ಡಮ್ಮ," ಎಂದಳು, ಶೀಟನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಳ್ಳುತ್ತಾ.