ದನಿ ಇಳಿದ ಮೇಲೂ ತಟ್ಟುವ ಕೈ

ನನ್ನ ಕೋಣೆಯ ಗೋಡೆಗಳು ಹಳೆಯ ಸೀರೆ ಹೊಲಿದ ಕೌದಿ ಹೊದ್ದು ನಿಂತಿವೆ. ಪುಣೆಯ ಬೇಸಿಗೆಯಲ್ಲಿ ಗೋಡೆಗೇಕಯ್ಯಾ ಹೊದಿಕೆ ಎಂದು ನೀವು ನಗಬಹುದು. ಯೆರವಡಾದ ರಿಕ್ಷಾಗಳ ಗದ್ದಲ ಒಳಗೆ ನುಗ್ಗದಿರಲಿ, ಒಳಗಿನ ಹಾಡು ಗೋಡೆಗೆ ಬಡಿದು ಮರಳಿ ಮೊಳಗದಿರಲಿ ಎಂದು ನಾನು ಹೂಡಿದ ಅಗ್ಗದ ಉಪಾಯವಿದು. ವಾರವಿಡೀ ಕಚೇರಿ, ರವಿವಾರ ಮಾತ್ರ ಆ ಸೀರೆಗಳ ವಾಸನೆಯ ನಡುವೆ ಕಂಪ್ಯೂಟರಿನ ಮುಂದೆ ಕುಳಿತು ಪರಿಚಯದವರ ಹಾಡುಗಳನ್ನು ಧ್ವನಿಮುದ್ರಿಸಿ ತಿದ್ದುತ್ತೇನೆ.

ಅದರಲ್ಲಿ ನನಗೆ ಅತಿ ಪ್ರಿಯವಾದದ್ದು ಕೊನೆಯ ಕೆಲಸ, ಫೇಡ್ ಔಟ್. ಪರದೆಯ ಮೇಲೆ ದನಿಯ ಮಟ್ಟ ತೋರುವ ಗೆರೆಯೊಂದಿರುತ್ತದೆ. ಅದರ ತುದಿಯನ್ನು ಮೌಸಿನಿಂದ ಹಿಡಿದು ಮೆಲ್ಲಗೆ ಕೆಳಗೆಳೆದರೆ ಹಾಡು ಕರಗುತ್ತ ಕರಗುತ್ತ ಮೌನವಾಗುತ್ತದೆ. ನೆಟ್ಟಗೆ ಎಳೆದರೆ ಯಾರೋ ಬಾಗಿಲು ಹಾಕಿಕೊಂಡಂತೆ ಕೇಳುತ್ತದೆ. ತುಸು ಬಾಗಿಸಿ ಇಳಿಸಬೇಕು. ನಮ್ಮ ಧಾರವಾಡದ ಕಡೆಯವರು ಬೀಗರ ಮನೆಯಿಂದ ಏಳುವ ಪರಿ ಗೊತ್ತಲ್ಲ? ‘ಬರ್ತೀವ್ರಿ’ ಎಂದು ಎದ್ದವರು ಹೊಸ್ತಿಲಲ್ಲಿ ಒಂದಿಷ್ಟು, ಮೆಟ್ಟಿಲಲ್ಲಿ ಇನ್ನೊಂದಿಷ್ಟು ಮಾತಾಡಿ, ಗೇಟಿನಾಚೆಯಿಂದಲೂ ಏನೋ ಕೂಗಿ ಹೇಳಿ, ಅಂತೂ ಇಂತೂ ಹೋಗಿರುತ್ತಾರೆ. ಅಷ್ಟು ಸಾವಕಾಶ ಬೇಕು. ಹಾಗೆ ಇಳಿದ ಹಾಡು ಮುಗಿದಿದೆ ಎಂದು ನನಗೆ ಅನಿಸುವುದೇ ಇಲ್ಲ. ಹಾಡುವವರು ಎಲ್ಲೋ ಹಾಡುತ್ತಲೇ ಇದ್ದಾರೆ, ನಾವೇ ಕಿವಿಗೆಟುಕದಷ್ಟು ದೂರ ತೇಲಿ ಬಂದಿದ್ದೇವೆ ಎನಿಸುತ್ತದೆ.

ಈ ಸುಖದ ಗುಂಗಿನಲ್ಲಿದ್ದ ನನ್ನ ಬಳಿಗೆ ಒಂದು ರವಿವಾರ ಚಿಕ್ಕಪ್ಪನ ಹೆಂಡತಿ ಇಂದಿರಾ ಕಾಕು ಜೋಗುಳ ಹಾಡಲು ಬಂದರು. ಅವರ ಗಂಟಲಲ್ಲಿ ಗಂಟಾಗಿತ್ತು. ಆಪರೇಷನ್ ಆದ ಮೇಲೆ ಹಾಡಲು ಬರುತ್ತದೆಂಬ ಭರವಸೆಯನ್ನು ಡಾಕ್ಟರು ಕೊಟ್ಟಿರಲಿಲ್ಲ. ಮೊಮ್ಮಗಳು ತುಂಬು ಬಸುರಿ. ಹುಟ್ಟುವ ಕೂಸಿಗೆ ತಮ್ಮ ದನಿ ಸಿಗಬೇಕು, ಅದೊಂದೇ ಅವರ ಹಂಬಲ. ಹಾಡುತ್ತ ತೊಡೆ ತಟ್ಟುವುದು ಅವರ ರೂಢಿ. ಆ ಸದ್ದು ಮೈಕಿಗೆ ಬೀಳುತ್ತದೆಂದು ನಾನು ಕೈ ಕಟ್ಟಿಸಿ ಕೂಡಿಸಿದೆ. ಪಾಪ, ಹಾಗೆಯೇ ಹಾಡಿದರು. ಮುಗಿಯುವಷ್ಟರಲ್ಲಿ ಗಂಟಲು ಸೋತು ಹೋಯಿತು, ಇನ್ನೊಮ್ಮೆ ಹಾಡಿ ಎನ್ನುವಂತಿರಲಿಲ್ಲ.

ಕೊನೆಯನ್ನು ಚೆಂದಗೆ ಬಾಗಿಸಿ ಇಳಿಸಿ, ಬೀಗುತ್ತಲೇ ಕೇಳಿಸಿದೆ. ಕಾಕು ಅಡ್ಡಡ್ಡ ತಲೆಯಾಡಿಸಿದರು.

“ದನಿ ಇಳೀಬೇಕು, ಖರೆ. ಆದ್ರ ಕೈ ನಿಲ್ಲಬಾರದೋ. ಕೈ ನಿಂತ್ರ ಕೂಸು ಕಣ್ಣು ತೆರೀತದ.”

ಮೌನಕ್ಕೆ ಇಳಿಯುವ ದಾರಿಯನ್ನು ಅಷ್ಟು ಧ್ಯಾನಿಸಿದ ನನಗೆ, ಆ ದಾರಿಯಲ್ಲಿ ನಿದ್ದೆಗೆ ಜಾರುವ ಜೀವವೊಂದು ಇದೆಯೆಂಬುದೇ ಹೊಳೆದಿರಲಿಲ್ಲ. ಹಾಡು ಮುಗಿಯುವುದು ಹಾಡುವವರಿಗೆ; ಮಲಗುವವರಿಗೆ ಹಾಡು ಕೊನೆಗೆ ಬರೀ ಸ್ಪರ್ಶವಾಗಿ ಉಳಿಯುತ್ತದೆ. ನಮ್ಮನ್ನೆಲ್ಲ ಮಲಗಿಸಿದ ಕೈಗಳು ಎಷ್ಟು ಹೊತ್ತು ತಟ್ಟಿದವೋ, ಯಾವಾಗ ನಿಂತವೋ, ನಾವಂತೂ ಕಂಡಿಲ್ಲ.

ಗೋಡೆಯಿಂದ ಒಂದು ಕೌದಿ ಇಳಿಸಿ ಮಡಚಿ ಕಾಕುವಿನ ತೊಡೆಯ ಮೇಲಿಟ್ಟು, ಅವರ ಕಿವಿಗೆ ಹೆಡ್‌ಫೋನು ಹಾಕಿದೆ. ತಮ್ಮದೇ ದನಿ ಕೇಳುತ್ತ ಕಣ್ಣು ಮುಚ್ಚಿ ಕೌದಿಯನ್ನು ತಟ್ಟಿದರು. ಆ ಸದ್ದನ್ನು ಬೇರೆಯಾಗಿ ಮುದ್ರಿಸಿಕೊಂಡು ಹಾಡಿಗೆ ಜೋಡಿಸಿದೆ. ದನಿಯನ್ನು ಇಳಿಸಿದೆ, ತಟ್ಟುವುದನ್ನು ಅದರಾಚೆಗೂ ಬಹಳ ಹೊತ್ತು ಬಿಟ್ಟು, ಆಮೇಲೆ ಇಳಿಸಿದೆ.

ಆಪರೇಷನ್ ಆಯಿತು. ಗಂಟು ಹೋಯಿತು, ಹಾಡುವ ದನಿಯೂ ಹೋಯಿತು. ಈಗ ಬರೀ ಪಿಸುಮಾತು. ನಾನು ಆಸ್ಪತ್ರೆಯಿಂದ ಮನೆಗೆ ಬಂದು ಅತ್ತುಬಿಟ್ಟೆ.

ಮೊನ್ನೆ ಮಧ್ಯಾಹ್ನ ಭೋಸರಿಯಲ್ಲಿರುವ ಕಾಕುವಿನ ಮೊಮ್ಮಗಳ ಮನೆಗೆ ಹೋದಾಗ ತೊಟ್ಟಿಲ ಪಕ್ಕದಲ್ಲಿ ಫೋನು ಜೋಗುಳ ಹಾಡುತ್ತಿತ್ತು. ಕಾಕು ಸುಮ್ಮನೆ ಕೂತು, ತಮ್ಮಲ್ಲಿ ಈಗಿಲ್ಲದ ದನಿಯನ್ನು ಕೇಳುತ್ತಿದ್ದರು. ದನಿ ಕರಗಿತು, ತಟ್ಟುವ ಸದ್ದು ಉಳಿಯಿತು, ಅದೂ ಸಣ್ಣದಾಗುತ್ತ ಬಂತು. ಕೂಸು ರೆಪ್ಪೆ ಅಲುಗಿಸಿತು. ಕಾಕುವಿನ ಕೈ ಆಗಲೇ ತೊಟ್ಟಿಲೊಳಗಿತ್ತು. ಫೋನಿನ ತಟ್ಟು ಎಲ್ಲಿ ಮುಗಿಯಿತು, ಅವರದು ಎಲ್ಲಿ ಶುರುವಾಯಿತು, ಕಿವಿಗೊಟ್ಟು ಕೂತ ನನಗೂ ತಿಳಿಯಲಿಲ್ಲ.