ವಕೀಲರ ಮನೆಯ ಬಂಗಾರದ ಮೀನು

ಮೊಮ್ಮಗಳ ಮೀನಿನ ತೊಟ್ಟಿಯಿಂದ ಹುಳಿತ ಅನ್ನದ ವಾಸನೆ ಬಂತು. ಯಾರೋ ಪ್ರೀತಿಯಿಂದ ಒಂದು ಮುಷ್ಟಿ ಅನ್ನ ಹಾಕಿದ್ದರು. "ತಗೀರಿ ಅದನ್ನ, ಮೊದಲ ತಗೀರಿ!" ಎಂದು ನಾನು ಚೀರಿದ್ದಕ್ಕೆ ಮನೆಯವರೆಲ್ಲ ಗಾಬರಿಯಾದರು. ಮುದುಕಿಗೆ ಏನಾಯಿತೋ ಎಂದುಕೊಂಡಿರಬೇಕು. ನನಗೆ ಹಾನಗಲ್ಲಿನ ನಮ್ಮ ಓಣಿ ನೆನಪಾಗಿತ್ತು, ಗೋಡೆಗೆ ಗೋಡೆ ಹತ್ತಿದ ವಕೀಲರ ಮನೆ, ಆ ಮನೆಯ ಕಾಕು…

ಸಂಬಂಧಿಕರೇನಲ್ಲ. ವಕೀಲರ ಹೆಂಡತಿ, ಓಣಿಯ ಹುಡುಗರಿಗೆಲ್ಲ ಕಾಕು, ಚಿಕ್ಕಮ್ಮ. ಆಗಿನ್ನೂ ಬ್ರಿಟಿಷರ ಕಾಲ, ನನಗೆ ಹತ್ತು ವರ್ಷವಿರಬಹುದು. ವಕೀಲರು ಮುಂಬಯಿಯಿಂದ ಬಂಗಾರದ ಮೀನು ತಂದು ಪಡಸಾಲೆಯಲ್ಲಿ ಗಾಜಿನ ಬರಣಿಯಲ್ಲಿಟ್ಟಿದ್ದರು. ಕಟ್ಟಾ ವೈಷ್ಣವ ಮನೆತನ. ಮೀನಿಗೂ ದೇವರ ನೈವೇದ್ಯದ ಅನ್ನ, ಮೇಲೆ ತುಪ್ಪ. ಏಕಾದಶಿಗೆ ಅವಕ್ಕೂ ಉಪವಾಸ! ಉಳಿದ ದಿನ ಅನ್ನ ತಿಂದು ಹೊಟ್ಟೆಯುಬ್ಬಿ ತೇಲುತ್ತಿದ್ದವು. ಒಂದು ಸತ್ತಿತೆಂದರೆ ಗೋಡೆಯಾಚೆ ವಕೀಲರದು ಶುರು: "ನಿನ್ನ ಕೈಗುಣಾ ಸುಡಲಿ!" ಊದುಗೊಳವಿ ಬೆನ್ನಿಗೆ ಬೀಳುವ ಸಪ್ಪಳ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ನಮ್ಮವ್ವ ರೊಟ್ಟಿಯನ್ನು ಇನ್ನೂ ಜೋರಾಗಿ ಬಡಿಯುತ್ತಿದ್ದಳು. ಒಮ್ಮೆ ಕಾಕುವಿನ ಎರಡು ಬೆರಳು ಮುರಿದವು. ಔಷಧ ಹಾಕಿಸುವ ಮಾತೂ ಆಡಲಿಲ್ಲ ಆ ಪುಣ್ಯಾತ್ಮ.

ಸಾಯಲು ಬಿದ್ದ ಒಂದು ಮೀನು ಗಂಡನ ಕಣ್ಣಿಗೆ ಬೀಳದಿರಲೆಂದು ಕಾಕು ಅದನ್ನು ಹಿತ್ತಲ ಕಲ್ಲುದೋಣಿಯ ನೀರಿಗೆ ಬಿಟ್ಟರು. ಅಲ್ಲಿಯ ನಿಂತ ನೀರಿನಲ್ಲಿ ಸೊಳ್ಳೆಮರಿ ಮಿಜಿಗುಡುತ್ತಿದ್ದವು. ಮೀನು ಅವನ್ನೇ ತಿಂದು ಚೇತರಿಸಿಕೊಂಡಿತು. ಅಂದಿನಿಂದ ವಕೀಲರು ಕೋರ್ಟಿಗೆ ಹೋದದ್ದೇ ತಡ, ಕಾಕು ಬರಣಿಯ ಅನ್ನವನ್ನೆಲ್ಲ ಬಳಿದು ತೆಗೆದು, ಹಳೆಯ ಸೀರೆಯ ಚೂರಿನಲ್ಲಿ ಆ ಹುಳ ಸೋಸಿ ಚಿಟಿಕೆಯಷ್ಟು ಹಾಕುವರು. ನಡುನಡುವೆ ಬೇಯಿಸಿ ಹಿಸುಕಿದ ಸೊಪ್ಪು.

"ಹೊಟ್ಟಿ ತುಂಬಾ ಹಾಕಬಾರದವಾ, ಇನ್ನೂ ಬೇಕು ಅನ್ನೂ ಹಂಗ ಇಡಬೇಕು. ಅವು ಬದುಕಿದ್ರ ನನ್ನ ಬೆನ್ನೂ ಬದುಕ್ತದ," ಅಂದಿದ್ದರು ನಗುತ್ತ. ಹೇಗೆ ನಗುತ್ತಿದ್ದರೋ, ಮಹಾತಾಯಿ…

ಮೀನು ಕೆಂಡದಂತೆ ಹೊಳೆಯತೊಡಗಿದವು. ತುಪ್ಪದನ್ನದ ಗುಣವೆಂದು ವಕೀಲರು ಬಂದವರೆದುರು ಜಂಬ ಕೊಚ್ಚಿಕೊಂಡರು. ಕೆಲವು ತಿಂಗಳು ಗೋಡೆಯಾಚೆ ಸದ್ದಿರಲಿಲ್ಲ.

ಒಂದು ದ್ವಾದಶಿ, ಊಟಕ್ಕೆ ಬಂದ ಆಚಾರ್ಯರು ಕಾಲು ತೊಳೆಯಲು ಹಿತ್ತಲಿಗೆ ಹೋದರು. ಬಟ್ಟೆಯಲ್ಲಿ ಹುಳ ಕಂಡು, "ಇದೇನ್ರಿ ವಕೀಲರ, ನಿಮ್ಮ ಮನ್ಯಾಗ ಜೀವಹಿಂಸಾ?" ಎಂದುಬಿಟ್ಟರು. ವಕೀಲರು ಕಾಕುವಿನ ತುರುಬು ಹಿಡಿದು ಅಂಗಳಕ್ಕೆ ಎಳೆತಂದರು. ಓಣಿಗೆ ಓಣಿಯೇ ನೋಡುತ್ತಿತ್ತು. ಊದುಗೊಳವಿಯ ಏಟಿಗೆ ಕಿವಿ ಹರಿದು ಕುತ್ತಿಗೆಯ ಮೇಲೆ ರಕ್ತ ಇಳಿಯಿತು. ಜೀವಹಿಂಸೆ ಎಂದಿದ್ದವರು ರಕ್ತ ಸಿಡಿದೀತೆಂದು ಧೋತರ ಎತ್ತಿ ಪಕ್ಕಕ್ಕೆ ಸರಿದರು!

ಎರಡನೆಯ ಏಟು ಬೀಳುವ ಮೊದಲೇ ಕಾಕು ಊದುಗೊಳವಿ ಹಿಡಿದುಕೊಂಡರು.

"ಸತ್ತಾಗೂ ಹೊಡದ್ರಿ. ಈಗ ಬದುಕ್ಯಾವ, ಈಗೂ ಹೊಡೀಲಿಕ್ಕೆ ಹತ್ತೀರಿ. ನಿಮಗ ಮೀನ ಬೇಕಾಗಿದ್ದವೋ, ನನ್ನ ಬೆನ್ನ ಬೇಕಾಗಿತ್ತೋ?"

ಕಸಿದುಕೊಂಡು ಗಂಡನ ಮೊಳಕೈಗೆ ಒಂದು ಬಿಟ್ಟರು, ಹಣೆಗೆ ಇನ್ನೊಂದು. ಮೂಳೆ ಲಟಕ್ಕೆಂದದ್ದು ನನಗೆ ಕೇಳಿಸಿತು. ವಕೀಲರು ಹಣೆಯ ರಕ್ತ ಒರೆಸಿಕೊಳ್ಳುತ್ತ ಕುಸಿದು ಕೂತರು. ನಾನು ಚಪ್ಪಾಳೆ ತಟ್ಟಿದೆ, ಅವ್ವ ನನ್ನ ಕೆನ್ನೆಗೆ ಬಾರಿಸಿದಳು.

ಅಂದೇ ವಕೀಲರು ಚಕ್ಕಡಿ ಹೂಡಿಸಿ ಕಾಕುವನ್ನು ಹಂಸಭಾವಿಯ ತವರಿಗೆ ಅಟ್ಟಿದರು. ಓಣಿಯವರು ಅವರನ್ನೇ ರಾಕ್ಷಸಿ ಅಂದರು. ಥೂ, ಎಂಥ ಜನ! ಬರಣಿಗೆ ಮತ್ತೆ ತುಪ್ಪದನ್ನ ಬಿತ್ತು, ಮೀನು ಒಂದೊಂದಾಗಿ ತೇಲಿದವು. ವರ್ಷ ತುಂಬುವುದರೊಳಗೆ ಎರಡನೆಯ ಹೆಂಡತಿ ಬಂದಳು, ನನಗಿಂತ ನಾಲ್ಕಾರು ವರ್ಷ ದೊಡ್ಡವಳು ಅಷ್ಟೇ. ಮುಂಬಯಿಯಿಂದ ಹೊಸ ಮೀನೂ ಬಂದವು… ಅವ್ವ ಮತ್ತೆ ರೊಟ್ಟಿ ಜೋರಾಗಿ ಬಡಿಯತೊಡಗಿದಳು.

ಈಗ ನಮ್ಮ ತೊಟ್ಟಿಯ ನೀರು ಬದಲಿಸಿಯಾಯಿತು. ಹಂಸಭಾವಿ ಕಡೆಯವರು ಯಾರಾದರೂ ಸಿಕ್ಕರೆ ಕಾಕು ಆಮೇಲೆ ಹೇಗಿದ್ದರು, ಯಾವಾಗ ತೀರಿಕೊಂಡರು ಎಂದು ಕೇಳುವ ಆಸೆ. ಆದರೆ ಯಾರೆಂದು ಕೇಳಲಿ? ಅವರ ಹೆಸರು ನನಗೆ ಗೊತ್ತೇ ಇಲ್ಲ, ಓಣಿಯಲ್ಲಿ ಯಾರೂ ಹೆಸರು ಹಿಡಿದು ಕರೆದವರಲ್ಲ. ಇಂಥ ವಕೀಲರ ಹೆಂಡತಿ ಎಂದರೆ ಗುರುತು ಹತ್ತೀತು. ಹಾಗೆ ಹೇಳಲು ನನ್ನ ನಾಲಿಗೆ ಹೊರಳುವುದಿಲ್ಲ.